ನಮ್ಮವರಲ್ಲದಿರಲಿ

ಅವರೆಕಾಳು ಹಿದುಕುತ್ತಾ ಕುಳಿತಿದ್ದೆ. ಹಿಂದಿನ ದಿನವೇ ನೆನೆಹಾಕಿದ್ದ ಕಾಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒಮ್ಮೆ ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ. ಗುರಿ ತಪ್ಪಿದರೆ ಎದುರು ಕುಳಿತವರ ಮಡಿಲಿಗೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅವರೆಕಾಲ ಬಂತೆಂದರೆ ಒಬ್ಬರ ಮನೆಯ ಕಾಳನ್ನು ಇಬ್ಬರು ಹಿದುಕುವುದು ರೂಢಿ. ಇವತ್ತು ನನ್ನದು, ನಾಳೆ ಪಕ್ಕದ ಮನೆ ಮಾದೇವಮ್ಮನದು. ಸಾರು ಮಾತ್ರ ಅವರವರದೇ. ನನ್ನ ಸಾರನ್ನು ಮಾದೇವಮ್ಮ ಇವತ್ತಿನವರೆಗೂ ‘ಚೆನ್ನಾಗದೆ’ ಎಂದವಳಲ್ಲ. ಬಹಳ ಖುಷಿಯಾದರೆ ‘ತಿನ್ಬೋದು’ ಎನ್ನುತ್ತಾಳೆ.

ದೇವರ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು ನನಗೆ ಹಿಡಿದ ಚಟ. ಕೆಲವರಿಗೆ ಎಲೆ ಅಡಿಕೆ ಇದ್ದಂತೆ. ಆ ಮಧ್ಯಾಹ್ನವೂ ಎಣಿಸುತ್ತಿದ್ದೆ. ಮುಗಿದೇ ಹೋಯಿತು ಅಂದುಕೊಂಡಿದ್ದ ಗ್ಯಾಸು ಇನ್ನೊಂದು ಅಡುಗೆಗೆ ಒದಗಿಬಂದಿತ್ತು, ಸ್ತೋತ್ರ ಸ್ವಾಮಿ. ಮೈಸೂರಿನಲ್ಲಿ ನರ್ಸಿಂಗ್ ಓದುವ ಮಗಳು ಕೇಳದೆಯೇ ತಾನಾಗಿ ಫೋನು ಮಾಡಿದ್ದಳು, ಸ್ತೋತ್ರ ಸ್ವಾಮಿ. ಕಾಳಿನಲ್ಲಿ ಹುಳ ಕಡಿಮೆ, ಅದಕ್ಕೂ ಒಂದು ಸ್ತೋತ್ರ. ‘ಇಷ್ಟೊಂದ್ ಥ್ಯಾಂಕ್ಸ್ ಏಳುದ್ರೆ ದೇವ್ರ್ಗೂ ನಾಚ್ಕೆ ಆಯ್ತದೆ ಬುಡಕ್ಕ’ ಎಂದು ಮಾದೇವಮ್ಮ ನಗುತ್ತಿದ್ದಳು.

ಆಗ ಹೂವಿನ ಜಯಮ್ಮ ಬಂದಳು. ದಿನಾ ಕುಂತೂರಿನಿಂದ ಬಸ್ಸಿನಲ್ಲಿ ಬಂದು ನಮ್ಮ ಕಡೆ ಹೂವು ಮಾರುವವಳು. ಅವಳ ಮುಖ ಬಿಳುಚಿಕೊಂಡಿತ್ತು. ಬುಟ್ಟಿ ಇಳಿಸಿ, ಜಗುಲಿಯ ಮೇಲೆ ಕೂತು, ಕೇಳದೆಯೇ ನಮ್ಮ ತಂಬಿಗೆ ಎತ್ತಿ ನೀರು ಕುಡಿದಳು.

‘ದಾರೀಲಿ ಕಬ್ಬಿನ ಟ್ರ್ಯಾಕ್ಟ್ರು ಮಗುಚ್ಕಂಡದೆ ಕಣ್ರಕ್ಕ. ಯಾರೋ ಬೈಕ್ನೋನು ಕಬ್ಬಿನ್ ಕೆಳಕ್ಕೆ ಸಿಕ್ಕಾಕಂಡವ್ನೆ. ಬಸ್ನೋರು ಮುಂದಕ್ ಓಗಕಾಗಲ್ಲ ಅಂತ ಇಳ್ಸ್ಬುಟ್ರು. ನಡ್ಕಂಡ್ ಬಂದು ಆಟೋ ಹತ್ತುದೆ.’

‘ಯಾರಂತೆ?’ ನಾನು, ಮಾದೇವಮ್ಮ ಇಬ್ಬರೂ ಒಟ್ಟಿಗೇ ಕೇಳಿದೆವು.

‘ಯಾರ್ಗೊತ್ತು. ಜನ ಮುತ್ಕಂಡಿದ್ರು, ನಾನ್ ನೋಡ್ನಿಲ್ಲ. ನಡೂ ವಯಸ್ನೋರಂತೆ. ಕೊಳ್ಳೇಗಾಲ್ದೋರೇ ಇರ್ಬೇಕು ಅಂತಿದ್ರಪ್ಪ.’ ಅಷ್ಟು ಹೇಳಿ, ಬುಟ್ಟಿಯ ಬಟ್ಟೆ ಸರಿಸಿ, ‘ಸೇವಂತ್ಗೆ ಅದೆ, ಒಂದ್ ಮೊಳ ಕೊಡ್ಲಾ?’ ಎಂದಳು. ಅವಳ ಹೊಟ್ಟೆಪಾಡು ಅವಳಿಗೆ. ನಾವು ಬೇಡವೆಂದೆವು. ಅವಳು ಬುಟ್ಟಿ ಹೊತ್ತು ಮುಂದಿನ ಮನೆಗೆ ಹೋದಳು. ಅಲ್ಲಿ ಅದೇ ಸುದ್ದಿಯನ್ನು ಇನ್ನೊಂದಿಷ್ಟು ಜೋರಾಗಿ ಹೇಳುವುದು ಕೇಳಿಸಿತು.

ಮಾದೇವಮ್ಮನ ಗಂಡ ಸಿದ್ದರಾಜು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಬೆಳಗಿನ ಪಾಳಿ ಮುಗಿಸಿ ಆ ಹೊತ್ತಿಗೆ ಅದೇ ದಾರಿಯಲ್ಲಿ ಬೈಕಿನಲ್ಲಿ ಬರುವವನು. ನಮ್ಮ ಯಜಮಾನರು, ಚಿನ್ನಪ್ಪನವರು, ಪಂಪ್‌ಸೆಟ್ ಮೋಟರು ರಿಪೇರಿ ಮಾಡುತ್ತಾರೆ. ಮೋಟರು ಸುಟ್ಟವರ ಹೊಲವೇ ಅವರ ಆಫೀಸು. ಒಂದು ದಿನ ಹನೂರು ಕಡೆ, ಒಂದು ದಿನ ಯಳಂದೂರು, ಒಂದು ದಿನ ಕುಂತೂರು. ಹೊರಡುವಾಗ ಎಲ್ಲಿಗೆ ಹೋಗುತ್ತೇನೆಂದು ತಪ್ಪದೆ ಹೇಳಿಯೇ ಹೋಗುತ್ತಾರೆ. ಆ ಬೆಳಿಗ್ಗೆಯೂ ಹೇಳಿದ್ದರು. ನಾನೂ ತಪ್ಪದೆ ‘ಹ್ಞೂಂ’ ಎಂದಿದ್ದೆ. ಏನು ಹೇಳಿದರೆಂದು ಮಾತ್ರ ನನಗೆ ಗೊತ್ತಿಲ್ಲ. ಕುಕ್ಕರು ಕೂಗುತ್ತಿತ್ತು.

ನೀವೇ ಹೇಳಿ, ಎಷ್ಟು ವರ್ಷ ಸಂಸಾರ ಮಾಡಿದರೆ ಗಂಡನ ಮಾತು ಹೀಗೆ ಕುಕ್ಕರಿನ ಸದ್ದಿನೊಳಗೆ ಕರಗಿಹೋಗುತ್ತದೆ? ಉಪ್ಪು ಕಡಿಮೆ ಅಂದದ್ದು ಕೇಳಿಸಿರುತ್ತದೆ. ಎಲ್ಲಿಗೆ ಹೋಗ್ತೀನಿ ಅಂದದ್ದು ಕೇಳಿಸಿರುವುದಿಲ್ಲ.

ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಮೋಟರು ಬಿಚ್ಚುವಾಗ ಕೈಯೆಲ್ಲ ಗ್ರೀಸು, ಎತ್ತುವುದಿಲ್ಲ, ಅದು ನನಗೆ ಗೊತ್ತಿದ್ದದ್ದೇ. ಆದರೆ ಗೊತ್ತಿದ್ದದ್ದು ಆ ಹೊತ್ತಿಗೆ ಯಾವ ಪ್ರಯೋಜನಕ್ಕೂ ಬರಲಿಲ್ಲ. ಮಾದೇವಮ್ಮನೂ ಸೆರಗಿಗೆ ಕೈ ಒರೆಸಿಕೊಂಡು ಸಿದ್ದರಾಜುವಿಗೆ ಮಾಡಿದಳು. ಅವನದು ಸ್ವಿಚ್ ಆಫ್.

ಮೊದಲು ಬಾಯಿಗೆ ಬಂದ ಪ್ರಾರ್ಥನೆ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ: ದೇವರೇ, ನಮ್ಮವರಲ್ಲದಿರಲಿ. ಅದರ ಹಿಂದೆಯೇ ಇನ್ನೊಂದು ಬಂತು: ಸ್ವಾಮಿ, ಅವರು ಬೆಳಿಗ್ಗೆ ಹನೂರು ಅಂತ ಹೇಳಿರಲಿ. ಆಗಿಹೋದ ಬೆಳಗನ್ನು ಹಿಂದಕ್ಕೆ ಹೋಗಿ ತಿದ್ದಿಬಿಡು ಎಂದು ದೇವರನ್ನು ಕೇಳುವ ಧೈರ್ಯ ನನಗೆ ಎಲ್ಲಿಂದ ಬಂತೋ. ಶುಕ್ರವಾರ ಉಪವಾಸ ಮಾಡು ಎಂದರೆ ಸಕ್ಕರೆ ಇಲ್ಲದ ಕಾಫಿಗೂ ಚೌಕಾಸಿ ಮಾಡುವವಳು ನಾನು.

ನಮ್ಮಜ್ಜಿ ಇದ್ದಿದ್ದರೆ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು. ಹಿಂದೆ ಎಳೆದದ್ದೂ ಉಂಟು.

ನನ್ನ ತವರು ಹನೂರಿನಿಂದಾಚೆ, ಒಡೆಯರಪಾಳ್ಯಕ್ಕೆ ಹೋಗುವ ಕಡೆಯ ಒಂದು ಸಣ್ಣ ಊರು. ಅರ್ಧ ಮನೆಗಳಲ್ಲಿ ತಮಿಳು, ಅರ್ಧ ಮನೆಗಳಲ್ಲಿ ಕನ್ನಡ. ಜಗಳ ಮಾತ್ರ ಎರಡರಲ್ಲೂ. ನಮ್ಮ ಗುಡಿಯ, ಅಂದರೆ ಚರ್ಚಿನ, ಗಂಟೆ ಪೂಜೆಗೆ ಒಂದು ಥರ ಹೊಡೆದರೆ ಸಾವಿಗೆ ಇನ್ನೊಂದು ಥರ: ಒಂದೇಟು, ಬಹಳ ಹೊತ್ತು ಬಿಟ್ಟು ಇನ್ನೊಂದೇಟು. ಅದು ಕೇಳಿದೊಡನೆ ಊರಲ್ಲಿ ಎಲ್ಲರೂ ಇದ್ದಲ್ಲೇ ಮಂಡಿಯೂರಿ ಆ ಆತ್ಮಕ್ಕೆ ಒಂದು ಜಪ ಹೇಳಬೇಕು. ಹೊಲದಲ್ಲಿದ್ದರೆ ಹೊಲದಲ್ಲೇ, ಒಲೆಯ ಮುಂದಿದ್ದರೆ ಒಲೆಯ ಮುಂದೆಯೇ. ಯಾರು ಸತ್ತರೆಂದು ಕೇಳುವುದು ಆಮೇಲೆ. ಊರಿನ ಕಟ್ಟಳೆ ಅದು. ಬೇರೆಯವರು ಸಡಿಲ ಬಿಟ್ಟರೂ ಅಜ್ಜಿ ಬಿಡುತ್ತಿರಲಿಲ್ಲ.

ನನಗೋ ಕುತೂಹಲ. ಗಂಟೆ ಕೇಳಿದೊಡನೆ ತಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಅಜ್ಜಿ ಜಡೆ ಹಿಡಿದು ಒಳಕ್ಕೆಳೆದು ಕೂರಿಸುತ್ತಿದ್ದಳು. ‘ಮೊದ್ಲು ಮಂಡಿ, ಆಮೇಕೆ ಕಾಲು’ ಎನ್ನುತ್ತಿದ್ದಳು. ಯಾಕಜ್ಜಿ, ಯಾರು ಅಂತ ಗೊತ್ತಾದರೆ ಹೆಸರು ಹೇಳಿಯೇ ಜಪ ಮಾಡಬಹುದಲ್ಲ ಎಂದರೆ, ‘ಯಾರು ಅಂತ ಗೊತ್ತಾದ್ಮೇಕೆ ಮಾಡೋದು ಜಪ ಅಲ್ಲ ಕಣಮ್ಮಿ, ಯಾಪಾರ’ ಎಂದಿದ್ದಳು.

ಒಂದು ಸಲ ಹೀಗೆಯೇ ಗಂಟೆಯಾಯಿತು. ಅಜ್ಜಿ ಕೈಲಿದ್ದ ಮೊರ ಬಿಟ್ಟು ಅಂಗಳದಲ್ಲೇ ಮಂಡಿಯೂರಿದಳು. ಅವತ್ತು ಅವಳಿಗೆ ಏನು ಭಕ್ತಿ ಬಂದಿತ್ತೋ, ಕಣ್ಣಲ್ಲಿ ನೀರು ತಂದುಕೊಂಡು, ಆ ಆತ್ಮವನ್ನು ಸೀದಾ ಸ್ವರ್ಗಕ್ಕೆ ಕರೆದುಕೋ, ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡ ಎಂದು ಗಟ್ಟಿಯಾಗಿ ಬೇಡಿದಳು. ಎದ್ದು ಸೀರೆ ಕೊಡವಿಕೊಳ್ಳುವಾಗ ಸುದ್ದಿ ಬಂತು. ಸತ್ತವನು ನಮ್ಮ ಹುಣಸೆಮರ ತನ್ನದೆಂದು ರಾತ್ರೋರಾತ್ರಿ ಕಡಿಸಿ, ಅಜ್ಜಿಯ ಬಾಯಲ್ಲಿ ವರ್ಷಗಟ್ಟಲೆ ಬೈಸಿಕೊಂಡಿದ್ದ ಪಕ್ಕದ ಹೊಲದವನು. ಅಜ್ಜಿ ಸೀರೆಯ ಮಣ್ಣನ್ನು ಇನ್ನೊಮ್ಮೆ ಕೊಡವಿಕೊಂಡಳು. ಆಮೇಲೆ, ‘ಅವ್ನಾ? ಮೊದ್ಲೇ ಗೊತ್ತಿದ್ರೆ ಇಷ್ಟ್ ಚೆನ್ನಾಗ್ ಮಾಡ್ತಿರ್ನಿಲ್ಲ’ ಎಂದಳು. ಮೊರ ಎತ್ತಿಕೊಂಡು ಎರಡು ಸಲ ಕೇರಿ, ‘ಓಗ್ಲಿ ಬುಡು, ಮಾಡಾಯ್ತಲ್ಲ. ವಾಪಸ್ ತಕಳಕಾಯ್ತದಾ?’ ಎಂದಳು.

ಅದನ್ನು ನೆನೆಸಿಕೊಂಡು ನಾನೆಷ್ಟೋ ಸಲ ನಕ್ಕಿದ್ದೇನೆ. ಆ ದಿನ ಅವರೆಕಾಳಿನ ಮುಂದೆ ನಗು ಬರಲಿಲ್ಲ. ಸುದ್ದಿ ಬಂದೊಡನೆ ನಾನು ಕೇಳಿದ ಮೊದಲ ಮಾತು ‘ಯಾರಂತೆ’ ಎಂಬುದೇ ಅಲ್ಲವೇ? ಆಮೇಲೆ ಮಾಡಿದ ಪ್ರಾರ್ಥನೆಯನ್ನು ಬಿಡಿಸಿ ನೋಡಿದರೆ ಏನಿದೆ ಅದರಲ್ಲಿ? ಟ್ರ್ಯಾಕ್ಟರು ಆಗಲೇ ಮಗುಚಿದೆ. ಕಬ್ಬಿನಡಿಗೆ ಒಬ್ಬರು ಆಗಲೇ ಸಿಕ್ಕಿಕೊಂಡಿದ್ದಾರೆ. ಅದು ನಮ್ಮವರಲ್ಲದಿರಲಿ ಎಂದರೆ ಬೇರೆಯವರಾಗಿರಲಿ ಎಂದೇ ಅರ್ಥ. ಬಾಯಿಬಿಟ್ಟು ಹಾಗೆಂದರೆ ಯಾರಾದರೂ ಉಗಿಯುತ್ತಾರೆ. ಕೈಮುಗಿದು ಹೇಳಿದರೆ ಭಕ್ತಿ.

ಪ್ರಾರ್ಥನೆಯ ಇಂಥ ಚಮತ್ಕಾರಗಳು ನನಗೆ ಹೊಸವಲ್ಲ. ನಮ್ಮ ಗುಡಿಯ ಹೆಂಗಸರು ವಾರಕ್ಕೊಂದು ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತೇವೆ. ಕೊನೆಯಲ್ಲಿ ಒಬ್ಬೊಬ್ಬರ ಕೋರಿಕೆಗೆ ಇನ್ನೊಬ್ಬರು ಪ್ರಾರ್ಥನೆ ಮಾಡುತ್ತೇವೆ. ಅಲ್ಲಿ ನಾನೊಂದು ವಿಷಯ ಗಮನಿಸಿದ್ದೇನೆ. ಬೇರೆಯವರ ಮಗಳ ಮದುವೆಗೆ ಪ್ರಾರ್ಥಿಸುವಾಗ ನಮಗೆ ಬಹಳ ವಿನಯ ಬಂದುಬಿಡುತ್ತದೆ: ‘ಸ್ವಾಮಿ, ನಿಮ್ಮ ಚಿತ್ತವಿದ್ದರೆ...’ ಸ್ವಂತ ಮಗಳ ವಿಷಯ ಬಂದಾಗ ಚಿತ್ತಗಿತ್ತ ಏನೂ ಇಲ್ಲ, ‘ಮಾಡಿಕೊಡಲೇಬೇಕು ಸ್ವಾಮಿ, ಈ ತಿಂಗಳೇ.’ ಬೇರೆಯವರ ಕಷ್ಟವನ್ನು ದೇವರ ಇಷ್ಟಕ್ಕೆ ಬಿಡುವುದರಲ್ಲಿ ನಾವು ಬಹಳ ಧಾರಾಳ. ನಾನು ಎಲ್ಲರಿಗಿಂತ ಧಾರಾಳ.

ಮಾದೇವಮ್ಮ ಅಷ್ಟರಲ್ಲಿ ಮಲೆ ಮಾದಪ್ಪನನ್ನು ಹಿಡಿದುಕೊಂಡಿದ್ದಳು.

‘ಅಪ್ಪಾ ಮಾದಪ್ಪ, ನಮ್ಮೆಜಮಾನ್ರು ಸುಖ್ವಾಗ್ ಮನೆ ಸೇರ್ಬುಟ್ರೆ ನಡ್ಕಂಡೇ ಬೆಟ್ಟ ಅತ್ತುಸ್ತೀನಿ ಕಣಪ್ಪ, ಬರೀಗಾಲಲ್ಲಿ.’

‘ಯಾರನ್ನ?’ ಎಂದೆ.

‘ಅವ್ರ್ನೇ ಕಣಕ್ಕ. ನಂಗೆ ಮಂಡಿನೋವಲ್ವಾ?’

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಯಾಕೆಂದರೆ ನಾನೂ ಮನಸ್ಸಿನಲ್ಲೇ ದೇವಮಾತೆಗೆ ಹರಕೆ ಹೊತ್ತಾಗಿತ್ತು: ಇವರು ಸುರಕ್ಷಿತವಾಗಿ ಬಂದರೆ ಬೀಡಿ ಬಿಡಿಸುತ್ತೇನೆ ಎಂದು. ನಮ್ಮಿಬ್ಬರ ಹರಕೆಗಳೂ ಗಂಡಂದಿರ ತಲೆಯ ಮೇಲೆಯೇ. ಪಾಪ, ಅವರು ಬದುಕಿ ಬಂದರೂ ಸುಖವಿರಲಿಲ್ಲ.

‘ಸುಮ್ನೆ ಕುಂತ್ಕಂಡ್ರೆ ತಲೆ ಕೆಡ್ತದೆ, ಕೈ ಆಡ್ಸಕ್ಕ’ ಎಂದಳು ಮಾದೇವಮ್ಮ. ಮತ್ತೆ ಹಿದುಕತೊಡಗಿದೆವು. ಜಪಮಾಲೆ ಒಳಗೆ ದೇವರ ಪಟದ ಮೊಳೆಗೆ ನೇತುಹಾಕಿತ್ತು. ಎದ್ದು ತರೋಣವೆಂದರೆ ಕೈಯೆಲ್ಲ ಲೋಳೆ. ಕಾಳನ್ನೇ ಮಣಿ ಮಾಡಿಕೊಂಡೆ. ಒಂದು ಕಾಳಿಗೆ ಒಂದು ನಮೋ ಮರಿಯಾ. ಬೇಳೆ ಬಟ್ಟಲಿಗೆ ಬಿದ್ದರೆ ಒಂದು ಜಪ ಸಂದಾಯ. ಮಾದೇವಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು.

‘ಲೂರ್ದಕ್ಕ, ನಮ್ಮವ್ರನ್ನೂ ಸೇರ್ಸ್ಕಂಡ್ ಏಳ್ತಿದ್ದೀಯಾ?’

ಸೇರಿಸಿಕೊಂಡಿರಲಿಲ್ಲ. ‘ಹ್ಞೂಂ’ ಎಂದೆ. ಮುಂದಿನ ಕಾಳಿನಿಂದ ಸೇರಿಸಿಕೊಂಡೆ.

‘ನಾನೂ ನಿಮ್ಮವ್ರ್ನ ಮಾದಪ್ಪನ್ಗೆ ಏಳಿವ್ನಿ. ನಮ್ಮಪ್ಪ ಜಾತಿಗೀತಿ ನೋಡಲ್ಲ’ ಎಂದಳು. ಅವಳು ನಾನು ಕೇಳುವ ಮೊದಲೇ ಹೇಳಿದ್ದಳು. ನಾನು ಅವಳು ಕೇಳಿದ ಮೇಲೆ. ವ್ಯತ್ಯಾಸ ಸಣ್ಣದು. ಆದರೆ ಎದೆಯೊಳಗೆ ಎಲ್ಲೋ ಅಕ್ಕಿಯಲ್ಲಿನ ಕಲ್ಲಿನಂತೆ ಸಿಕ್ಕಿತು.

ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಇಬ್ಬರ ಕೈಯೂ ನಿಲ್ಲುತ್ತಿತ್ತು. ನಮ್ಮದು ಬೈಕಿಲ್ಲದ ಬೀದಿಯೇನಲ್ಲ. ದಿನವಿಡೀ ಓಡಾಡುತ್ತವೆ, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ ಗುಡುಗುಟ್ಟುತ್ತವೆ. ಆದರೆ ಕಾಯುವವಳ ಕಿವಿಗೆ ಪ್ರತಿಯೊಂದೂ ಹತ್ತಿರ ಬಂದು, ತಿರುವಿನಲ್ಲಿ ಬೇರೆಯವರದಾಗಿ ಹೊರಟುಹೋಗುತ್ತದೆ. ಮಧ್ಯೆ ಮಧ್ಯೆ ಯಜಮಾನರ ನಂಬರಿಗೆ ಫೋನು ಮಾಡುತ್ತಲೇ ಇದ್ದೆ. ಫೋನಿಗೆಲ್ಲ ಲೋಳೆ ಮೆತ್ತಿಕೊಂಡು ಒತ್ತಿದ್ದೊಂದು, ಹೋಗುವುದೊಂದು. ಒಂದು ಸಲ ಗ್ಯಾಸ್ ಏಜೆನ್ಸಿಗೆ ಹೋಯಿತು. ಬುಕ್ ಮಾಡಲು ಒಂದನ್ನು ಒತ್ತಿ ಎಂದಿತು.

ಆಗ ಮಾದೇವಮ್ಮನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವಳು ಎತ್ತದೆ ನನ್ನ ಕಡೆ ಚಾಚಿದಳು. ನಾನು ಅವಳ ಕಡೆ ತಳ್ಳಿದೆ. ಕೊನೆಗೆ ಅವಳೇ ಕಣ್ಣುಮುಚ್ಚಿ ಕಿವಿಗಿಟ್ಟುಕೊಂಡಳು. ಆ ಕಡೆಯ ದನಿ ನನಗೂ ಕೇಳಿಸಿತು. ಸಿದ್ದರಾಜು! ಚಾರ್ಜು ಮುಗಿದಿತ್ತಂತೆ, ಯಾರದೋ ಫೋನಿಂದ ಮಾಡಿದ್ದ. ದಾರಿ ಕಟ್ಟಿದೆ, ಬರುವುದು ತಡವಾಗುತ್ತದೆ, ಊಟ ಎತ್ತಿಡು ಎಂದ.

‘ಊಟ ಎತ್ತಿಡ್ಬೇಕಂತೆ, ಊಟ!’ ಮಾದೇವಮ್ಮ ಅಳುತ್ತಲೇ ಬೈದಳು. ‘ಇಲ್ಲಿ ನಂ ಜೀವ ಬಾಯಿಗ್ ಬಂದದೆ, ಇವ್ರ್ಗೆ ಊಟ್ದ್ ಚಿಂತೆ!’ ಬೈಯುತ್ತಾ ಬೈಯುತ್ತಾ ನನ್ನ ಮುಖ ನೋಡಿದವಳು ತಟ್ಟನೆ ದನಿ ಇಳಿಸಿದಳು. ‘ರೀ, ಬಿದ್ದೋರು ಯಾರು, ನೋಡುದ್ರಾ? ಚಿನ್ನಪ್ಪಣ್ಣ ಅಲ್ಲ ತಾನೆ?’

‘ನಾನ್ ಬರೋವತ್ಗೆ ಆಟೋಲಿ ಆಕಂಡು ಆಸ್ಪತ್ರೆಗೆ ಓಗ್ಬುಟ್ಟಿದ್ರು. ಕಾಣ್ನಿಲ್ಲ ಕಣಮ್ಮಿ.’

‘ಕಾಣ್ನಿಲ್ಲ ಅಂದ್ರೆ? ಬೈಕಾದ್ರೂ ನೋಡಿ, ಓಗ್ರಿ!’

‘ಕಬ್ಬಿನ್ ಕೆಳಗದೆ ಬೈಕು. ಏನ್ ನೋಡದು?’

ನಾನು ಇದನ್ನು ಮುಚ್ಚಿಡದೆ ಬರೆಯುತ್ತೇನೆ: ಸಿದ್ದರಾಜುವಿನ ದನಿ ಕೇಳಿದಾಗ ನನಗೆ ಸಂತೋಷವಾಗಲಿಲ್ಲ. ಅದುವರೆಗೆ ಆ ಕಷ್ಟಕ್ಕೆ ನಮ್ಮ ಬೀದಿಯಲ್ಲಿ ಎರಡು ಬಾಗಿಲಿದ್ದವು. ಈಗ ಒಂದು ಮುಚ್ಚಿತು. ಅವಳ ಗಂಡನಿಗಾಗಿ ಇಷ್ಟು ಹೊತ್ತು ಕಾಳೆಣಿಸಿದವಳು ನಾನೇ. ಬೇಡಿದ್ದು ಸಿಕ್ಕಿತಲ್ಲ ಎಂದು ಸ್ತೋತ್ರ ಹೇಳಬೇಕಾಗಿತ್ತು. ಹುಳವಿಲ್ಲದ ಕಾಳಿಗೆ ಹೇಳಿದ ಸ್ತೋತ್ರ ಜೀವ ಉಳಿದ ಗಂಡಸಿಗೆ ಬರಲಿಲ್ಲ.

ಮಾದೇವಮ್ಮ ಮನೆಗೆ ಹೋಗಬಹುದಾಗಿತ್ತು. ಊಟ ಎತ್ತಿಡಬೇಕಾಗಿತ್ತು. ಅವಳು ಏಳಲಿಲ್ಲ. ಎದುರಿಗಿದ್ದವಳು ಸರಿದು ನನ್ನ ಪಕ್ಕಕ್ಕೆ ಬಂದು, ತೊಡೆಗೆ ತೊಡೆ ತಾಗಿಸಿ ಕೂತು, ನನ್ನ ಮುಂದಿದ್ದ ಕಾಳನ್ನೆಲ್ಲ ತನ್ನ ಕಡೆ ಎಳೆದುಕೊಂಡಳು.

‘ಏನೋ ಏಳ್ತಿದ್ಯಲ್ಲಕ್ಕ, ಅದ್ನ ಜೋರಾಗ್ ಏಳು. ನಾನೂ ಏಳ್ತೀನಿ.’

ನಾನು ಹೇಳಿದೆ, ಅವಳೂ ನನ್ನ ಹಿಂದೆಯೇ ಹೇಳಿದಳು. ಅರ್ಧ ಶಬ್ದ ನುಂಗುತ್ತಿದ್ದಳು, ‘ವರಪ್ರಸಾದ’ ಬಂದಲ್ಲೆಲ್ಲ ಗಟ್ಟಿಯಾಗುತ್ತಿದ್ದಳು. ಪ್ರಸಾದ ಅವಳಿಗೆ ಗೊತ್ತಿದ್ದ ಮಾತು.

ಹೇಳುತ್ತಾ ಹೇಳುತ್ತಾ ನನಗೆ ಗೆತ್ಸೆಮನಿ ತೋಪು ನೆನಪಾಯಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ವರ್ಷ ವರ್ಷವೂ ಕೇಳುವ ಕಥೆ. ನಾಳೆ ಸಾಯಬೇಕಾದ ಯೇಸುಸ್ವಾಮಿ, ಈ ಕಹಿ ಬಟ್ಟಲನ್ನು ನನ್ನಿಂದ ತಪ್ಪಿಸು ಎಂದು ತಂದೆಯನ್ನು ಬೇಡುತ್ತಾರೆ. ಹೆದರುವುದು ಪಾಪವಲ್ಲ ಎಂದು ನಾನು ಆ ಮಾತಿನಿಂದಲೇ ಧೈರ್ಯ ತಂದುಕೊಂಡವಳು. ಆದರೆ ಅವತ್ತು ಹೊಳೆದದ್ದು ಬೇರೆ. ಅವರ ಶಿಷ್ಯ ಪೇತ್ರ ಅಲ್ಲೇ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ. ಬಟ್ಟಲು ತಪ್ಪಿಸು ಎಂದ ಸ್ವಾಮಿ, ಅದನ್ನು ಇವನಿಗೆ ಕೊಡು ಎನ್ನಲಿಲ್ಲ. ನಾನು ಮಧ್ಯಾಹ್ನದಿಂದ ಕೇಳುತ್ತಿದ್ದದ್ದು ಅದನ್ನೇ. ಹೆಸರು ಗೊತ್ತಿಲ್ಲದ ಒಬ್ಬ ಪೇತ್ರನ ಕಡೆಗೆ ಬಟ್ಟಲನ್ನು ಸರಿಸುತ್ತಾ ಇದ್ದೆ.

ಅಷ್ಟು ಹೊಳೆದ ಮೇಲೆ ಪ್ರಾರ್ಥನೆ ಬದಲಾಯಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಬದಲಾಯಿಸಲು ನೋಡಿದೆ. ‘ಅಲ್ಲಿ ಬಿದ್ದಿರುವವರು ಯಾರೇ ಆಗಿರಲಿ, ಕಾಪಾಡು’ ಎಂದು ಶುರು ಮಾಡುತ್ತಿದ್ದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ‘ಆದರೆ ನಮ್ಮವರಲ್ಲದಿರಲಿ’ ಎಂದು ಬಾಲ ಅಂಟಿಕೊಳ್ಳುತ್ತಿತ್ತು. ಬಾಲ ಕತ್ತರಿಸಿ ಮತ್ತೆ ಶುರು ಮಾಡುತ್ತಿದ್ದೆ. ಮತ್ತೆ ಬೆಳೆಯುತ್ತಿತ್ತು. ಹಲ್ಲಿಯ ಬಾಲದಂತೆ.

ಬಿಸಿಲು ಜಗುಲಿಯಿಂದ ಇಳಿಯುವ ಹೊತ್ತಿಗೆ ಬಾಗಿಲ ಮುಂದೆ ಒಂದು ಆಟೋ ನಿಂತಿತು. ಬೈಕಿಗೆ ಕಿವಿ ಕೊಟ್ಟಿದ್ದ ನಾನು ಆಟೋವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದರಿಂದ ನಮ್ಮ ಯಜಮಾನರು ಇಳಿದರು. ಇಳಿದವರ ಎದೆಯಿಂದ ಹೊಟ್ಟೆಯವರೆಗೆ ಅಂಗಿ ಕೆಂಪಾಗಿ, ಅಂಚಿನಲ್ಲಿ ಒಣಗಿ ಕಪ್ಪಗಾಗಿತ್ತು.

ಮಾದೇವಮ್ಮ ‘ಅಯ್ಯೋ ಮಾದಪ್ಪಾ’ ಎಂದು ಕಿರುಚಿದಳು. ನಾನು ಎದ್ದೆ. ಮಡಿಲಿನ ಬಟ್ಟಲು ಉರುಳಿತು.

ಅವರು ಎರಡೂ ಕೈ ಮುಂದಕ್ಕೆ ಚಾಚಿ, ‘ನಂದಲ್ಲ, ನಂದಲ್ಲ’ ಎಂದರು. ‘ಎದರ್ಕಬೇಡಿ, ರಕ್ತ ನಂದಲ್ಲ.’

ಹೋಗಿ ಅವರ ತೋಳು ಹಿಡಿದೆ. ಬೆಚ್ಚಗಿತ್ತು. ಬೀಡಿಯ ವಾಸನೆಯೂ ಇತ್ತು. ದೇವರೇ, ಆ ವಾಸನೆಗೆ ಆಗ ನಾನು ಹೇಳಿದ ಸ್ತೋತ್ರವನ್ನು ಯಾವ ಪಾದ್ರಿ ಸ್ವಾಮಿಯವರ ಮುಂದೆಯೂ ಹೇಳಲಾರೆ.

ಅವರು ಬೆಳಿಗ್ಗೆ ಹೇಳಿದ್ದು ಕುಂತೂರೇ. ಕೆಲಸ ಮುಗಿಸಿ ಬರುವಾಗ ಅವರ ಮುಂದೆಯೇ ಇನ್ನೊಂದು ಬೈಕು ಹೋಗುತ್ತಿತ್ತು. ಅದರ ಮುಂದೆ ಟ್ರ್ಯಾಕ್ಟರು. ಇವರಿಗೆ ಬೀಡಿ ಹಚ್ಚಬೇಕೆನಿಸಿ ರಸ್ತೆ ಪಕ್ಕ ನಿಲ್ಲಿಸಿದ್ದಾರೆ. ಮುಂದಿನವನು ನಿಲ್ಲಿಸಲಿಲ್ಲ. ಅಷ್ಟೇ. ಕಡ್ಡಿ ಗೀರುವಷ್ಟರಲ್ಲಿ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ವಾಲಿ ಕಬ್ಬೆಲ್ಲ ಅವನ ಮೇಲೆ ಬಿತ್ತು. ಅಲ್ಲಿದ್ದವರೊಡನೆ ಸೇರಿ ಕಬ್ಬು ಎಳೆದು ಅವನನ್ನು ಹೊರತೆಗೆದು, ಆಟೋದಲ್ಲಿ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡು ಆಸ್ಪತ್ರೆಗೆ ಕರೆತಂದದ್ದು ಇವರೇ. ಇವರ ಫೋನು, ಸಾಮಾನಿನ ಚೀಲ ಎಲ್ಲ ದಾರಿಯಲ್ಲಿ ನಿಲ್ಲಿಸಿದ ಬೈಕಿನಲ್ಲೇ ಉಳಿದಿತ್ತು. ನಾನು ಅಷ್ಟು ಹೊತ್ತು ಫೋನು ಮಾಡುತ್ತಿದ್ದದ್ದು ರಸ್ತೆ ಪಕ್ಕದ ಒಂದು ಚೀಲಕ್ಕೆ.

‘ಉಳ್ಕತಾನಾ?’ ಎಂದಳು ಮಾದೇವಮ್ಮ.

‘ಉಸ್ರಿತ್ತು. ಇಲ್ಲಿ ಆಗಲ್ಲ ಅಂತ ಆಂಬ್ಯುಲೆನ್ಸಲ್ಲಿ ಮೈಸೂರ್ಗೆ ಕಳ್ಸುದ್ರು. ಅಲ್ಲೀಗಂಟ...’ ಎಂದು ನಿಲ್ಲಿಸಿದರು. ನೀರು ಕೊಟ್ಟೆ. ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡರು. ‘ಆಟೋಲಿ ಅವ್ನ್ ಜೇಬಲ್ಲಿ ಫೋನ್ ಬಡ್ಕತಿತ್ತು ಲೂರ್ದು. ಬುಡ್ದೆ ಬಡ್ಕತಿತ್ತು. ತೆಗ್ದ್ ನೋಡುದ್ರೆ “ಮನೆ” ಅಂತ ಬರ್ಕಂಡವ್ನೆ. ಎತ್ತುದೆ.’

‘ಯಾರು?’

‘ಎಂಡ್ತಿ. ಟ್ರ್ಯಾಕ್ಟ್ರು ಮಗುಚ್ಕಂಡಿರೋ ಸುದ್ದಿ ಗೊತ್ತಾಗಿತ್ತು ಅಂತ ಕಾಣುತ್ತೆ. ನನ್ ದನಿ ಕೇಳುದ್ ತಕ್ಷಣ, ನೀವ್ಯಾರು, ಈ ಫೋನ್ ನಿಮ್ ಕೈಗ್ ಎಂಗ್ ಬಂತು ಅಂದ್ರು. ಏನ್ ಏಳ್ಬೇಕೋ ಗೊತ್ತಾಗ್ನಿಲ್ಲ. ಆಮೇಲ್ ಆ ಎಣ್ಮಗ್ಳು, ಸಾ, ಫೋನ್ ದಾರೀಲಿ ಬಿದ್ದಿತ್ತು, ನಾನ್ ಎತ್ಕಂಡೆ ಅನ್ನಿ ಸಾ ಅಂದ್ರು. ಬಿದ್ದೋರು ಬೇರೆ ಯಾರೋ ಅನ್ನಿ. ನಮ್ಮೋರಲ್ಲ ಅನ್ನಿ ಸಾ, ನಮ್ಮೋರಲ್ಲ ಅನ್ನಿ ಸಾ...’



‘ನೀವೇನಂದ್ರಿ?’ ಎಂದೆ.

‘ಉಸ್ರಾಡ್ತಾವ್ರೆ ಕಣವ್ವ, ನಾನ್ ಇಡ್ಕಂಡಿವ್ನಿ, ಬುಡಲ್ಲ ಅಂದೆ.’

ನನ್ನ ಮಾತನ್ನೇ ಅದೇ ಹೊತ್ತಿನಲ್ಲಿ ಇನ್ನೆಲ್ಲೋ ಇನ್ನೊಬ್ಬಳು ಹೇಳುತ್ತಿದ್ದಳು. ನಾನು ದೇವರಿಗೆ ಹೇಳಿದೆ. ಅವಳು ನಮ್ಮ ಯಜಮಾನರಿಗೆ ಹೇಳಿದಳು. ನನ್ನದು ನಡೆಯಿತು. ಅದು ನಡೆದದ್ದಕ್ಕೇ ಅವಳದು ನಡೆಯಲಿಲ್ಲವೇ? ಸ್ವಾಮಿಯವರನ್ನು ಕೇಳಿದರೆ ದೇವರ ಲೆಕ್ಕ ಹಾಗಿಲ್ಲಮ್ಮ ಎನ್ನುತ್ತಾರೆ. ಇರಲಾರದು, ನಾನೂ ನಂಬುತ್ತೇನೆ. ಆದರೆ ನಂಬಿದ ಮೇಲೂ ಆ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಲೇ ಇರುತ್ತೇನೆ.

ಆ ವಾರದ ಮನೆಜಪದಲ್ಲಿ ಎಲ್ಲರೂ ನನ್ನನ್ನು ತಬ್ಬಿಕೊಂಡು, ದೇವರು ನಿಮ್ಮವರನ್ನು ಕಾಪಾಡಿದರು, ಸಾಕ್ಷಿ ಹೇಳಿ ಎಂದರು. ಎದ್ದು ನಿಂತೆ. ಬೀಡಿ ಕಾಪಾಡಿತು ಎಂದು ಹೇಳಲಾಗುತ್ತದೆಯೇ? ಸಾಕ್ಷಿ ಬರಲಿಲ್ಲ. ಒಬ್ಬ ಹೆಂಗಸಿಗಾಗಿ ಪ್ರಾರ್ಥನೆ ಮಾಡಬೇಕು ಎಂದೆ. ಮುಂದಾಳು ಹೆಸರು ಕೇಳಿದರು. ಗೊತ್ತಿಲ್ಲ ಎಂದೆ. ಊರು? ಗೊತ್ತಿಲ್ಲ. ಗಂಡ ಉಳಿದನೇ? ಅದೂ ಗೊತ್ತಿಲ್ಲ. ಯಜಮಾನರು ಮರುದಿನ ಆಸ್ಪತ್ರೆಗೆ ಹೋಗಿ ವಿಚಾರಿಸಿದರೂ ಮೈಸೂರಿಗೆ ಹೋದವರ ಸುದ್ದಿ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಇವತ್ತಿಗೂ ನಮಗೆ ತಿಳಿಯದು. ಮುಂದಾಳು ಕಣ್ಣುಮುಚ್ಚಿ, ‘ಸ್ವಾಮಿ, ನಿಮ್ಮ ಚಿತ್ತವಿದ್ದರೆ’ ಎಂದು ಶುರು ಮಾಡಿದರು. ನಾನು ತಡೆಯಲಾರದೆ, ‘ಚಿತ್ತವಿದ್ದರೆ ಅನ್ಬೇಡಿಯಮ್ಮ, ಉಳಿಸಲೇಬೇಕು ಅನ್ನಿ’ ಎಂದುಬಿಟ್ಟೆ. ಎಲ್ಲರೂ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

ಆದರೆ ಅದು ಆಮೇಲಿನ ಮಾತು. ಆ ಸಂಜೆ ಸಿದ್ದರಾಜು ಬಂದ. ಮಾದೇವಮ್ಮ ಅವನನ್ನು ಬೈಯುತ್ತಲೇ ಮನೆಗೆ ಕರೆದುಕೊಂಡು ಹೋದಳು. ಯಜಮಾನರು ಸ್ನಾನಕ್ಕೆ ಹೋದರು. ಅಂಗಿಯನ್ನು ಬಚ್ಚಲ ಬಾಗಿಲಿನ ಹೊರಗೆ ಹಾಕಿ, ‘ಎಸ್ದ್ಬುಡು, ಓಗಲ್ಲ ಅದು’ ಎಂದರು.

ನಾನು ಎಸೆಯಲಿಲ್ಲ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಾಗಿದರೆ ಕಲೆ ಕೂತುಬಿಡುತ್ತದೆ. ಬಕೆಟ್ಟಿಗೆ ತಣ್ಣೀರು ತುಂಬಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಅಂಗಿ ಮುಳುಗಿಸಿದೆ. ನೀರು ನಿಧಾನವಾಗಿ ಬಣ್ಣ ತಿರುಗಿತು. ಆ ಮನುಷ್ಯ ಈಗ ಯಾವ ದಾರಿಯಲ್ಲಿದ್ದಾನೋ, ಆ ಹೆಂಗಸು ಯಾವ ಬಸ್ಸಿಗಾಗಿ ಓಡುತ್ತಿದ್ದಾಳೋ. ಅವನ ತಲೆ ಒರಗಿದ್ದ ಜಾಗ ಜೇಬಿನ ಪಕ್ಕದಲ್ಲಿ ದಪ್ಪಗೆ ಕಟ್ಟಿಕೊಂಡಿತ್ತು. ಆ ನೀರು ಚೆಲ್ಲಿ ಬೇರೆ ತುಂಬಿದೆ, ಅದನ್ನೂ ಚೆಲ್ಲಿ ಇನ್ನೊಂದು. ಆಮೇಲೆ ಅಂಗಿಯನ್ನು ಕಲ್ಲಿನ ಮೇಲೆ ಹರಡಿ, ಸೋಪು ಹಚ್ಚಿ, ಆ ಜಾಗವನ್ನು ನೋಯಿಸದ ಹಾಗೆ ಮೆಲ್ಲಗೆ ತಿಕ್ಕುತ್ತಾ ಕುಳಿತೆ.